ಕಂಪ್ಯೂಟರ್ ಮುಂದೆ ಕೂತ ಪೊಲೀಸರನ್ನು ಬೀಟಿಗೆ ಕಳಿಸ್ಲಿಕ್ಕೆ ಆಗುದಿಲ್ವಾ?

ಪ್ರಶ್ನೆ: ನಾನು ಕಾಪು ಕಡೆಯವಳು. ಮಗಳ ಪಾಸ್‌ಪೋರ್ಟ್ ವೆರಿಫಿಕೇಶನಿಗೆ ಒಮ್ಮೆ, ನಮ್ಮ ಊರಿನ ಬಯಲಾಟದ ಮೈಕ್ ಪರ್ಮಿಷನಿಗೆ ಇನ್ನೊಮ್ಮೆ ಸ್ಟೇಷನಿಗೆ ಹೋಗಿದ್ದೆ. ಎರಡು ಸಲವೂ ಮೂರ್ನಾಲ್ಕು ಜನ ಪೊಲೀಸರು ಕಂಪ್ಯೂಟರ್ ಮುಂದೆ ಟೈಪ್ ಮಾಡ್ತಾ ಕೂತಿದ್ರು. ನಮ್ಮ ರಸ್ತೆಯಲ್ಲಿ ಬೀಟ್ ಪೊಲೀಸರನ್ನು ನೋಡದೆ ಎಷ್ಟೋ ಸಮಯ ಆಯ್ತು, ಕೇಳಿದ್ರೆ ಜನ ಇಲ್ಲ ಅಂತಾರೆ. ಈ ಟೈಪಿಂಗ್ ಕೆಲಸಕ್ಕೆ ಡಿಗ್ರಿ ಆದ ಮಕ್ಕಳನ್ನು ತಗೊಂಡು ಪೊಲೀಸರನ್ನು ಹೊರಗೆ ಕಳಿಸ್ಬಾರ್ದಾ? ಹಾಗೆ ಮಾಡಿದ್ರೆ ನಾವು ಕೊಟ್ಟ ದೂರಿನ ಗುಟ್ಟು ಉಳಿಯುತ್ತಾ? ಮಗಳು ಬಿಸಿಎ ಮಾಡ್ತಾ ಇದ್ದಾಳೆ, ಖಾಕಿ ಹಾಕದೆ ಆ ಇಲಾಖೆಯಲ್ಲಿ ಅವಳಿಗೆ ಕೆಲಸ ಸಿಗುತ್ತಾ?

ಉತ್ತರ: ಮೊದಲೇ ಹೇಳ್ತೇನೆ, ನಾನು ಪೊಲೀಸ್ ಇಲಾಖೆಯಲ್ಲೇ ಸರ್ವಿಸ್ ಮುಗಿಸಿದವ, ಆದ್ರೆ ಖಾಕಿ ಹಾಕಿದವ ಅಲ್ಲ. ಎಸ್‌ಪಿ ಆಫೀಸು, ಕಮಿಷನರ್ ಆಫೀಸುಗಳಲ್ಲಿ ಮಿನಿಸ್ಟೀರಿಯಲ್ ಸ್ಟಾಫ್ ಅಂದ್ರೆ ಗುಮಾಸ್ತರ ವರ್ಗ ಅಂತ ಇರ್ತಾರೆ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಸೂಪರಿಂಟೆಂಡೆಂಟ್ ಅಂತೆಲ್ಲ, ಪೊಲೀಸರ ಸಂಬಳದ ಬಿಲ್ಲು, ಸರ್ವಿಸ್ ರಿಜಿಸ್ಟರ್, ಪೆನ್ಶನ್ ಪೇಪರು, ಇಲಾಖಾ ವಿಚಾರಣೆಯ ಫೈಲು ಎಲ್ಲ ಇವರ ಟೇಬಲ್ ದಾಟಿಯೇ ಮುಂದೆ ಹೋಗುದು. ನಾನೂ ಅವರಲ್ಲಿ ಒಬ್ಬ. ಹಾಗಾಗಿ ಖಾಕಿ ಇಲ್ಲದವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡ್ಬಹುದಾ ಅಂದ್ರೆ, ಈಗಲೇ ಮಾಡ್ತಾ ಇದ್ದಾರೆ ಮಾರಾಯ್ರೆ. ಆದ್ರೆ ಈ ವ್ಯವಸ್ಥೆ ಜಿಲ್ಲಾ ಆಫೀಸಿನಲ್ಲೇ ನಿಂತುಬಿಟ್ಟಿದೆ, ಕೆಳಗೆ ಸ್ಟೇಷನಿಗೆ ಇಳಿದೇ ಇಲ್ಲ. ಸ್ಟೇಷನಿನಲ್ಲಿ ಪೆನ್ನು ಹಿಡಿಯುವವನೂ ಲಾಠಿ ಹಿಡಿಯುವವನೂ ಒಬ್ಬನೇ.

ಜನ ಇಲ್ಲ ಅಂತ ಅವರು ಹೇಳಿದ್ದು ಸುಳ್ಳಲ್ಲ. ಇಡೀ ದೇಶದ ಲೆಕ್ಕ ತೆಗೆದ್ರೆ ಒಂದು ಲಕ್ಷ ಜನಕ್ಕೆ ಮಂಜೂರಾದ ಪೊಲೀಸ್ ಹುದ್ದೆ 190ರ ಮೇಲೆ ಉಂಟು, ನಿಜವಾಗಿ ಕೆಲಸದಲ್ಲಿ ಇರುವವರು 155ರ ಆಸುಪಾಸು. ಆ 155ರಲ್ಲೂ ರಿಸರ್ವ್ ಪಡೆ, ವಿಐಪಿ ಭದ್ರತೆ, ಕೋರ್ಟ್ ಡ್ಯೂಟಿ, ಸಮನ್ಸ್ ಜಾರಿ, ಕೈದಿ ಎಸ್ಕಾರ್ಟ್, ಕಂಟ್ರೋಲ್ ರೂಮು, ಆಮೇಲೆ ಓಓಡಿ (ಬೇರೆ ಕಡೆಗೆ ನಿಯೋಜನೆ) ಅಂತ ಯಾವುದೋ ಆಫೀಸಿಗೆ ಅಟ್ಯಾಚ್ ಆಗಿ ಸ್ಟೇಷನಿನ ಮುಖವನ್ನೇ ನೋಡದವರು, ಇವರನ್ನೆಲ್ಲ ಕಳೆದು ನೋಡಿ. ರಜೆ, ವಾರದ ಆಫ್ ಬೇರೆ. ಬೆಳಗ್ಗೆ ರೋಲ್ ಕಾಲಿನಲ್ಲಿ ನಿಂತ ಮೇಲೆ ಬೀಟಿಗೆ ಅಂತ ಉಳಿಯುದು ಎಷ್ಟು ಜನ ಅಂತ ಯಾವುದಾದ್ರೂ ಎಸ್‌ಐ ಹತ್ರ ಕೇಳಿ, ಅವರು ನಗ್ತಾರೆ ಅಷ್ಟೇ.

ಈಗ ಯಾವ ಕೆಲಸಕ್ಕೆ ನಿಜವಾಗಿ ಪೊಲೀಸೇ ಬೇಕು ಅಂತ ನೋಡುವ. ನಾನು ಇದನ್ನು ಅಳೆಯುದು ಹೀಗೆ: ಆ ಕೆಲಸ ಮಾಡುವವ ಯಾರನ್ನಾದ್ರೂ ಹಿಡಿಯಬೇಕಾ, ಮನೆ ಶೋಧ ಮಾಡಬೇಕಾ, ಬಲಪ್ರಯೋಗ ಮಾಡುವ ಪ್ರಸಂಗ ಬರಬಹುದಾ, ನಾಳೆ ಕೋರ್ಟಿನ ಕಟಕಟೆಯಲ್ಲಿ ನಾನೇ ತನಿಖೆ ಮಾಡಿದ್ದು ಅಂತ ಹೇಳಬೇಕಾ. ಇದರಲ್ಲಿ ಒಂದೂ ಇಲ್ಲದಿದ್ರೆ ಆ ಕುರ್ಚಿಯಲ್ಲಿ ಖಾಕಿ ಕೂತಿರುದು ಅಭ್ಯಾಸಬಲದಿಂದ, ಕಾನೂನಿನ ಒತ್ತಾಯದಿಂದ ಅಲ್ಲ. ಉದಾಹರಣೆಗೆ ಎಫ್‌ಐಆರ್ ತಗೊಳ್ಳಿ. ಠಾಣಾಧಿಕಾರಿಯೇ ಕೂತು ಟೈಪ್ ಮಾಡಬೇಕು ಅಂತ ಕಾನೂನು ಎಲ್ಲಿಯೂ ಹೇಳುದಿಲ್ಲ, ಬಾಯಿಮಾತಿನ ದೂರನ್ನು ಅವರು ಬರೀಬೇಕು ಇಲ್ಲ ಅವರ ನಿರ್ದೇಶನದಲ್ಲಿ ಬರೆಸ್ಬೇಕು, ದೂರು ಕೊಟ್ಟವರಿಗೆ ಓದಿ ಹೇಳಿ ಸಹಿ ತಗೊಳ್ಬೇಕು, ಅಷ್ಟೇ. ಯಾವ ಸೆಕ್ಷನ್ ಹಾಕಬೇಕು ಅನ್ನುವ ನಿರ್ಧಾರ ಅಧಿಕಾರಿಯದ್ದು, ಬೆರಳು ಯಾರದ್ದಾದ್ರೂ ಆಗ್ತದೆ. ಸಮನ್ಸ್ ವಿಷಯ ಇನ್ನೂ ಮಜಾ. ಹಳೆ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಸಿಆರ್‌ಪಿಸಿಯಲ್ಲೂ ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲೂ ಸಮನ್ಸನ್ನು ಪೊಲೀಸರು ಜಾರಿ ಮಾಡ್ಬಹುದು, ರಾಜ್ಯ ಸರ್ಕಾರ ನಿಯಮ ಮಾಡಿದ್ರೆ ಕೋರ್ಟಿನ ಸಿಬ್ಬಂದಿ ಇಲ್ಲ ಬೇರೆ ಸರ್ಕಾರಿ ನೌಕರನೂ ಮಾಡ್ಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಈಗ ಎಲೆಕ್ಟ್ರಾನಿಕ್ ಆಗಿ ಕಳಿಸ್ಲಿಕ್ಕೂ ಅವಕಾಶ ಉಂಟು. ಆದ್ರೂ ಒಬ್ಬ ಸಾಕ್ಷಿಗೆ ಒಂದು ಚೀಟಿ ಕೊಡ್ಲಿಕ್ಕೆ ಒಬ್ಬ ಪೇದೆ ಬಸ್ಸು ಹತ್ತಿ ಬೈಂದೂರಿಗೋ ಸುಳ್ಯಕ್ಕೋ ಹೋಗಿ, ಮನೆಯಲ್ಲಿ ಜನ ಇಲ್ಲ ಅಂತ ವಾಪಸ್ ಬರುದು ಇವತ್ತಿಗೂ ನಡೀತಾ ಉಂಟು.

ಇದು ಹೊಸ ಐಡಿಯಾ ಏನಲ್ಲ. ನಮ್ಮ ಜಿಲ್ಲೆಯವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಸಾರ್ವಜನಿಕ ಸುವ್ಯವಸ್ಥೆ ಬಗ್ಗೆ ಒಂದು ವರದಿ ಕೊಟ್ಟಿತ್ತು, ಅದರಲ್ಲಿ ಸಮನ್ಸ್ ಜಾರಿಯಂತ, (ಪಾಸ್‌ಪೋರ್ಟಿಗೆ ಮಾಡುವ ಹಾಗಿನ) ಪೂರ್ವಾಪರ ವಿಚಾರಣೆಯಂತ ಕೆಲಸಗಳನ್ನು ಪೊಲೀಸರ ತಲೆಯಿಂದ ಇಳಿಸಿ ಬೇರೆ ಇಲಾಖೆಗೋ ಹೊರಗಿನ ಏಜೆನ್ಸಿಗೋ ಕೊಡಿ ಅಂತ ಹೇಳಿದ್ರು. ಅದಕ್ಕೆ ಒಂದು ವರ್ಷ ಮುಂಚೆ, 2006ರಲ್ಲಿ, ಪೊಲೀಸ್ ಸುಧಾರಣೆ ಬಗ್ಗೆಯ ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರೆ ಮಾಡಿ ಅಂದಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ಓದಿದ್ರೆ ಅರ್ಥ ಒಂದೇ, ಎಲ್ಲ ಕೆಲಸಕ್ಕೂ ಒಬ್ಬನೇ ಪೇದೆ ಅನ್ನುದು ನಡೆಯುದಿಲ್ಲ.

ನಾವು ಇದನ್ನು ಒಮ್ಮೆ ಮಾಡಿ ಗೆದ್ದದ್ದೂ ಉಂಟು, ಆದ್ರೆ ಯಾರಿಗೂ ನೆನಪಿಲ್ಲ. ಒಂದು ಕಾಲದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಸರ್ಕಾರದ ಪರ ವಾದ ಮಾಡ್ತಾ ಇದ್ದದ್ದು ಪೊಲೀಸ್ ಪ್ರಾಸಿಕ್ಯೂಟರ್‌ಗಳು. ಹಿಡಿದವರೂ ಪೊಲೀಸರು, ವಾದ ಮಾಡುವವರೂ ಪೊಲೀಸರು. 1973ರ ಸಿಆರ್‌ಪಿಸಿ ಬಂದ ಮೇಲೆ ಆ ಜಾಗಕ್ಕೆ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್‌ಗಳು ಬಂದ್ರು, ಅಂದ್ರೆ ಲಾ ಓದಿದ ಖಾಕಿ ಇಲ್ಲದ ಜನ, 1995ರಲ್ಲಿ ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಇವರು ಪೊಲೀಸ್ ಇಲಾಖೆಯ ಹಿಡಿತದಿಂದ ಹೊರಗೇ ಇರಬೇಕು ಅಂತ ಖಡಕ್ ಆಗಿ ಹೇಳಿತು. ಇವತ್ತು ಉಡುಪಿ ಕೋರ್ಟಿನಲ್ಲಿ ಎಪಿಪಿಯವರನ್ನು ನೋಡಿ ಇವರು ಯಾಕೆ ಪೊಲೀಸ್ ಅಲ್ಲ ಅಂತ ಯಾರಾದ್ರೂ ಕೇಳ್ತಾರಾ? ಫೊರೆನ್ಸಿಕ್ ಲ್ಯಾಬೂ ಹಾಗೆಯೇ. ಮಂಗಳೂರಿನ ರೀಜನಲ್ ಲ್ಯಾಬಿನಲ್ಲಿ ರಕ್ತ, ವಿಷ ಪರೀಕ್ಷೆ ಮಾಡುವವರು ವಿಜ್ಞಾನ ಓದಿದವರು, ಅವರಿಗೆ ಪರೇಡ್ ಬರುದಿಲ್ಲ, ಬರಬೇಕಾಗಿಯೂ ಇಲ್ಲ. ಮಲ್ಪೆಯಲ್ಲಿ ಹೆಡ್‌ಕ್ವಾರ್ಟರ್ಸ್ ಇರುವ ಕರಾವಳಿ ಕಾವಲು ಪೊಲೀಸಿನಲ್ಲಿ ಕೂಡ ಬೋಟಿನ ಇಂಜಿನ್ ನೋಡಿಕೊಳ್ಳುವ ಕೆಲಸ ಸಮುದ್ರ ಗೊತ್ತಿದ್ದವನ ಕೈಯಲ್ಲಿ ಇರಬೇಕೇ ಹೊರತು ನಿನ್ನೆ ಮೊನ್ನೆ ಟ್ರಾಫಿಕ್‌ನಲ್ಲಿ ಇದ್ದವನ ಕೈಯಲ್ಲಿ ಅಲ್ಲ, ಮಳೆಗಾಲದಲ್ಲಿ ಅಳಿವೆಬಾಗಿಲು ದಾಟುದು ಎಂತ ಅಂತ ನಿಮ್ಮ ಊರಿನ ಮೀನುಗಾರರಿಗೆ ಬೇರೆ ಹೇಳಬೇಕಾಗಿಲ್ಲ.

ಹಾಗಾದ್ರೆ ಸ್ಟೇಷನಿನಲ್ಲಿ ಯಾಕೆ ಆಗುದಿಲ್ಲ? ಇಲ್ಲಿಗೆ ಬಂದಾಗ ಪೇಪರಿನಲ್ಲಿ ಬರೆಯುವವರು ಇಲಾಖೆಯವರಿಗೆ ಬುದ್ಧಿ ಇಲ್ಲ ಅಂತ ಬರೀತಾರೆ. ಬುದ್ಧಿ ಇಲ್ಲದೆ ಅಲ್ಲ. ಕಂಪ್ಯೂಟರ್ ಮುಂದೆ ಕೂತ ಪೇದೆ ಅಂದ್ರೆ ಎಸ್‌ಪಿಯವರಿಗೆ ಅದು ಸ್ಟಾಕ್. ಇವತ್ತು ಅವ ಟೈಪ್ ಮಾಡ್ತಾನೆ, ನಾಳೆ ಎಲ್ಲಿಯಾದ್ರೂ ಗಲಾಟೆ ಆಯ್ತು, ಒಂದು ಫೋನಿನಲ್ಲಿ ಅವನಿಗೆ ಹೆಲ್ಮೆಟ್ ಲಾಠಿ ಕೊಟ್ಟು ವ್ಯಾನ್ ಹತ್ತಿಸ್ಬಹುದು. ನಮ್ಮ ಎರಡು ಜಿಲ್ಲೆ ಗೊತ್ತುಂಟಲ್ಲ ನಿಮಗೆ, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಉಡುಪಿ ಪರ್ಯಾಯ, ಅದೇ ತಿಂಗಳು ಕಾರ್ಕಳದ ಅತ್ತೂರು ಚರ್ಚಿನ ಸಾಂತ್‌ಮಾರಿ ಹಬ್ಬ, ಕುದ್ರೋಳಿಯ ದಸರಾ, ಕಂಬಳ, ನೇಮ, ಜಾತ್ರೆ, ರಾಜಕೀಯದವರ ಮೆರವಣಿಗೆ, ಇದರ ಮಧ್ಯೆ ಯಾವಾಗ ಯಾವ ಊರಿನಲ್ಲಿ ಎಂತ ಟೆನ್ಶನ್ ಆಗ್ತದೆ ಅಂತ ಯಾರಿಗೂ ಗೊತ್ತಿರುದಿಲ್ಲ. ಬಂದೋಬಸ್ತ್ ಇಲ್ಲಿ ಹಬ್ಬಕ್ಕೊಮ್ಮೆ ಬರುವ ಕೆಲಸ ಅಲ್ಲ, ವರ್ಷವಿಡೀ ಉಂಟು. ಆ ಕುರ್ಚಿಗೆ ನಿಮ್ಮ ಮಗಳನ್ನು ಕೂರಿಸಿದ್ರೆ ಟೈಪಿಂಗ್ ಚೆನ್ನಾಗಿ ಆಗ್ತದೆ, ಆದ್ರೆ ಗಲಾಟೆ ದಿವಸ ಅವಳಿಗೆ ಲಾಠಿ ಕೊಡ್ಲಿಕ್ಕೆ ಆಗುದಿಲ್ಲ. ಅಧಿಕಾರಿಗಳು ಹೆದರುದು ಇದಕ್ಕೇ, ಹೊರಗೆ ಬಾಯಿಬಿಟ್ಟು ಹೇಳುದಿಲ್ಲ ಅಷ್ಟೇ. ಈ ಹೆದರಿಕೆಯನ್ನು ತಳ್ಳಿಹಾಕ್ಲಿಕ್ಕೆ ಆಗುದಿಲ್ಲ, ಆದ್ರೆ ಲೆಕ್ಕ ಹಾಕಿ ನೋಡಿ, ಗಲಾಟೆ ಆಗುವ ಆ ಕೆಲವು ದಿನಕ್ಕಾಗಿ ಉಳಿದ ದಿನವೆಲ್ಲ ಟ್ರೈನಿಂಗ್ ಆದ ಮನುಷ್ಯನನ್ನು ಕೀಬೋರ್ಡಿಗೆ ಕಟ್ಟಿ ಹಾಕ್ತೇವೆ, ಆ ದಿನಗಳಲ್ಲಿ ಅವ ಬೀಟಿನಲ್ಲಿ ಓಡಾಡ್ತಾ ಇದ್ದಿದ್ರೆ ಅರ್ಧ ಗಲಾಟೆಯ ಸುದ್ದಿ ಮೊದಲೇ ಸಿಗ್ತಿತ್ತು. ಮತ್ತೆ ಬೀಟಿನಲ್ಲಿ ಇರುವವನನ್ನೂ ಅದೇ ಫೋನಿನಲ್ಲಿ ಕರೆಸ್ಬಹುದಲ್ಲ, ಅವ ಎಲ್ಲಿಗೆ ಓಡಿ ಹೋಗ್ತಾನೆ?

ಇನ್ನೊಂದು ಕಾರಣ ಉಂಟು, ಅದು ಸ್ವಲ್ಪ ಮನುಷ್ಯತ್ವದ್ದು. ಹಾರ್ಟ್ ಆಪರೇಷನ್ ಆದವರು, ಬಂದೋಬಸ್ತಿನಲ್ಲಿ ಕಲ್ಲೇಟು ಬಿದ್ದು ಕಾಲು ಸರಿ ಇಲ್ಲದವರು, ಗರ್ಭಿಣಿಯರು, ಸಣ್ಣ ಮಗು ಇರುವ ಮಹಿಳಾ ಪೇದೆಯರು, ರಿಟೈರ್‌ಮೆಂಟಿಗೆ ಒಂದೆರಡು ವರ್ಷ ಉಳಿದ ಎಎಸ್‌ಐಗಳು, ಇವರಿಗೆಲ್ಲ ಆ ಕುರ್ಚಿಗಳೇ ಆಸರೆ. ಎಲ್ಲ ಕುರ್ಚಿ ಹೊರಗಿನವರಿಗೆ ಕೊಟ್ಟುಬಿಟ್ರೆ ಇವರು ಎಲ್ಲಿಗೆ ಹೋಗ್ಬೇಕು? ಹಾಗಾಗಿ ಪ್ರತಿ ಸ್ಟೇಷನಿನಲ್ಲಿ ಒಂದಷ್ಟು ಲೈಟ್ ಡ್ಯೂಟಿ ಜಾಗ ಉಳಿಸ್ಲೇಬೇಕು. ಆದ್ರೆ ಗಟ್ಟಿಮುಟ್ಟಾಗಿ ಇರುವವ ಯಾರದ್ದೋ ಶಿಫಾರಸು ಹಿಡಿದು ಎಸಿ ರೂಮಿನಲ್ಲಿ ಕೂತು, ಬೆನ್ನು ನೋವಿನವ ರಾತ್ರಿ ರೌಂಡ್ಸ್ ಹೋಗುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಡ್ಯೂಟಿ ಲಿಸ್ಟನ್ನು ಟೈಪ್ ಮಾಡಿದ್ದೂ ನಾನೇ. ಯಾವ ಆಫೀಸು ಅಂತ ಕೇಳ್ಬೇಡಿ.

ಈಗ ನೀವು ನೋಡಿದ ಎರಡು ಕೆಲಸಕ್ಕೆ ಬರುವ. ಮೈಕ್ ಪರ್ಮಿಷನ್ ನೂರಕ್ಕೆ ನೂರು ಗುಮಾಸ್ತರ ಕೆಲಸ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ ಉಂಟು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟ ಮೇಲೆ ಮೇ ಕೊನೆಯ ಪತ್ತನಾಜೆವರೆಗೆ ನಮ್ಮ ಸ್ಟೇಷನುಗಳಲ್ಲಿ ಈ ಅರ್ಜಿಗಳ ರಾಶಿಯೇ ಬೀಳ್ತದೆ, ಆಟದ್ದು, ಕೋಲದ್ದು, ಮದುವೆದ್ದು, ಕ್ರಿಕೆಟ್ ಟೂರ್ನಮೆಂಟಿದ್ದು. ಅರ್ಜಿ ತಗೊಳ್ಳುದು, ಜಾಗದವರ ಒಪ್ಪಿಗೆ ಪತ್ರ ಉಂಟಾ ನೋಡುದು, ಅದೇ ದಿನ ಅದೇ ಬಯಲಿನಲ್ಲಿ ಬೇರೆ ಕಾರ್ಯಕ್ರಮ ಉಂಟಾ ನೋಡುದು, ಇದಕ್ಕೆಲ್ಲ ಪೊಲೀಸ್ ಯಾಕೆ? ಕೊನೆಗೆ ಕೊಡಬೇಕಾ ಬೇಡ್ವಾ ಅಂತ ತೀರ್ಮಾನ ಮಾಡಿ ಸಹಿ ಹಾಕುದು ಅಧಿಕಾರಿ, ಅಷ್ಟು ಸಾಕು.

ಪಾಸ್‌ಪೋರ್ಟಿನಲ್ಲಿ ಮಾತ್ರ ನಾನು ಮೊಯಿಲಿ ಆಯೋಗದ ಮಾತನ್ನು ಪೂರ್ತಿ ಒಪ್ಪುದಿಲ್ಲ. ನಮ್ಮ ಕರಾವಳಿಯಲ್ಲಿ ಪಾಸ್‌ಪೋರ್ಟ್ ಇಲ್ಲದ ಮನೆ ಹುಡುಕ್ಬೇಕು, ಗಲ್ಫಿಗೆ ಹೋಗುವವರು, ಶಿಪ್ಪಿಗೆ ಹೋಗುವವರು, ಓದ್ಲಿಕ್ಕೆ ಹೋಗುವವರು. ಬೀಟ್ ಪೇದೆಯೊಬ್ಬ ಕೇಸು ಇಲ್ಲದೆ, ಗಲಾಟೆ ಇಲ್ಲದೆ, ಒಂದು ಮನೆಯ ಅಂಗಳಕ್ಕೆ ಬಂದು ಅಕ್ಕಪಕ್ಕದವರ ಹತ್ರ ನಾಲ್ಕು ಮಾತಾಡುವ ಅವಕಾಶ ಇದೊಂದೇ. ಅದನ್ನೂ ಕಸ್ಕೊಂಡು ಏಜೆನ್ಸಿಗೆ ಕೊಟ್ರೆ ಅವನಿಗೆ ಊರು ಗೊತ್ತಾಗುದು ಹೇಗೆ? ಕಂಪ್ಯೂಟರಿನಲ್ಲಿ ಹಳೆ ಕೇಸು ಉಂಟಾ ಅಂತ ಹುಡುಕುದನ್ನು, ಎಂಟ್ರಿ ಮಾಡುದನ್ನು ಗುಮಾಸ್ತರಿಗೆ ಕೊಡಿ, ಮನೆಗೆ ಹೋಗುದನ್ನು ಬೀಟಿನವನಿಗೇ ಬಿಡಿ. ಈಗ ಆಗ್ತಾ ಇರುದು ಇದರ ಉಲ್ಟಾ, ಮನೆಗೆ ಹೋಗ್ಲಿಕ್ಕೆ ಟೈಮಿಲ್ಲ ಅಂತ ನಿಮ್ಮನ್ನೇ ಸ್ಟೇಷನಿಗೆ ಕರೆಸ್ತಾರೆ, ಎಂಟ್ರಿಗೆ ಮಾತ್ರ ಪೊಲೀಸ್ ಕೂತಿರ್ತಾನೆ.

ಸ್ಟೇಷನ್ ರೈಟರ್ ವಿಷಯದಲ್ಲಿಯೂ ನಾನು ಸ್ವಲ್ಪ ಹಳೆಕಾಲದವ. ರೈಟರ್ ಅಂದ್ರೆ ಬರೀ ಬರೆಯುವವ ಅಲ್ಲ, ಇನ್‌ಸ್ಪೆಕ್ಟರ್ ಟ್ರಾನ್ಸ್‌ಫರ್ ಆಗಿ ಹೋಗ್ತಾರೆ, ಯಾವ ಕೇಸಿನ ಸಾಕ್ಷಿ ಎಲ್ಲಿದ್ದಾನೆ, ಯಾವ ಮುದ್ದೆಮಾಲು (ಕೇಸಿನಲ್ಲಿ ಜಪ್ತಿ ಮಾಡಿದ ವಸ್ತು) ಯಾವ ಮೂಲೆಯಲ್ಲಿ ಉಂಟು ಅಂತ ತಲೆಯಲ್ಲಿ ಇಟ್ಕೊಂಡವ ರೈಟರ್. ಸಾಕ್ಷಿಗಳ ಹೇಳಿಕೆ, ರಿಮಾಂಡ್ ಅರ್ಜಿ, ಚಾರ್ಜ್‌ಶೀಟ್ ಇದೆಲ್ಲ ತನಿಖೆಯೇ. ಅವನನ್ನು ತೆಗೆಯುದು ಬೇಡ, ಅವನ ಕೈಕೆಳಗೆ ಇಬ್ಬರು ಗುಮಾಸ್ತರನ್ನು ಕೊಡಿ.

ಬೇರೆ ದೇಶದ ಕಥೆ ಹೇಳದಿದ್ರೆ ನೀವು ಕೇಳ್ತೀರಿ. ಅಮೆರಿಕದಲ್ಲಿ 911 ಫೋನ್ ಎತ್ತುವವರು ಹೆಚ್ಚಿನ ಕಡೆ ಪೊಲೀಸರಲ್ಲ. ಇಂಗ್ಲೆಂಡಿನಲ್ಲಿ 1983ರಲ್ಲೇ ಅಲ್ಲಿನ ಗೃಹ ಇಲಾಖೆ ಸುತ್ತೋಲೆ ಹೊರಡಿಸಿ, ಖಾಕಿಯ ಅಧಿಕಾರ ಬೇಡದ ಹುದ್ದೆಗೆ ಸಿವಿಲಿಯನ್ ಅಂದ್ರೆ ಪೊಲೀಸ್ ಅಲ್ಲದ ನೌಕರರನ್ನು ತಗೊಳ್ಳದಿದ್ರೆ ಹೆಚ್ಚು ಪೊಲೀಸ್ ಕೊಡುದಿಲ್ಲ ಅನ್ನುವ ಧಾಟಿಯಲ್ಲಿ ಬಿಗಿ ಮಾಡಿತ್ತು (ಅಲ್ಲಿ ಖಾಕಿ ಅಲ್ಲ ಕಪ್ಪು, ಇರಲಿ). 2002ರ ಕಾಯ್ದೆಯಲ್ಲಿ ಕಮ್ಯುನಿಟಿ ಸಪೋರ್ಟ್ ಆಫೀಸರ್ ಅಂತ ಬಂದ್ರು, ಲಾಕಪ್ ನೋಡಿಕೊಳ್ಳುವ, ತನಿಖೆಗೆ ಸಹಾಯ ಮಾಡುವ ಸಿವಿಲಿಯನ್‌ಗಳಿಗೂ ಸೀಮಿತ ಅಧಿಕಾರ ಕೊಟ್ರು. ಚೆನ್ನಾಗಿಯೇ ನಡೀತಾ ಇತ್ತು. 2010ರ ನಂತರ ಸರ್ಕಾರದ ಹತ್ರ ದುಡ್ಡಿಲ್ಲ ಅಂತ ಕಡಿತ ಶುರುವಾಯ್ತು, ಸಿವಿಲಿಯನ್‌ಗಳನ್ನೂ ಕಡಿದ್ರು, ಪೊಲೀಸರೂ ಸುಮಾರು 20 ಸಾವಿರ ಕಮ್ಮಿ ಆದ್ರು. ಜನ ಬೊಬ್ಬೆ ಹೊಡೆದಾಗ 2019ರಲ್ಲಿ 20 ಸಾವಿರ ಪೊಲೀಸರನ್ನು ವಾಪಸ್ ತಗೊಳ್ತೇವೆ ಅಂತ ಘೋಷಣೆ ಆಯ್ತು, ತಗೊಂಡ್ರು ಕೂಡ. ಆದ್ರೆ ಲೆಕ್ಕಕ್ಕೆ ಹಿಡಿದದ್ದು ಯೂನಿಫಾರ್ಮ್ ತಲೆಗಳನ್ನು ಮಾತ್ರ, ಆ ಸಂಖ್ಯೆ ಕಮ್ಮಿ ಆದ್ರೆ ಅನುದಾನ ಕಟ್. ಹಾಗಾಗಿ ಖರ್ಚು ಉಳಿಸ್ಬೇಕಾದ ಕಡೆಯೆಲ್ಲ ಗುಮಾಸ್ತರ ಹುದ್ದೆ ಖಾಲಿ ಬಿಟ್ಟು, ಹೊಸದಾಗಿ ಬಂದ ಪೊಲೀಸರನ್ನೇ ಆ ಟೇಬಲ್ಲಿಗೆ ಕೂರಿಸಿದ್ರು. ಮಂತ್ರಿ ಹೇಳಿದ ಸಂಖ್ಯೆ ಸರಿಯಾಗಿಯೇ ಇತ್ತು, ಬೀದಿಯಲ್ಲಿ ಮಾತ್ರ ಅಷ್ಟು ಜನ ಕಾಣ್ಲಿಲ್ಲ.

ನಮ್ಮಲ್ಲೂ ಅದೇ ಆಗ್ತದೆ ಅಂತ ನನಗೆ ಹೆದರಿಕೆ. ಒಂದು ಜಿಲ್ಲೆಗೆ ನೂರು ಗುಮಾಸ್ತರನ್ನು ಕೊಟ್ರು ಅಂತ ಇಟ್ಕೊಳ್ಳಿ, ನೂರು ಪೇದೆಗಳು ಬಿಡುಗಡೆ ಆದ್ರು, ಅವರು ಎಲ್ಲಿಗೆ ಹೋದ್ರು ಅಂತ ಯಾರು ನೋಡ್ತಾರೆ? ಆರು ತಿಂಗಳಲ್ಲಿ ಅರ್ಧ ಜನ ಓಓಡಿ, ಯಾರದ್ದೋ ಗನ್‌ಮ್ಯಾನ್, ಯಾರದ್ದೋ ಮನೆ ಕಾವಲು. ತೂತು ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ, ಗುಮಾಸ್ತರ ಹುದ್ದೆ ಮಂಜೂರು ಮಾಡುವ ಆದೇಶದಲ್ಲೇ ಅದರ ಬದಲಿಗೆ ಯಾವ ಸ್ಟೇಷನಿನ ಯಾವ ಬೀಟಿಗೆ ಯಾರು ಅಂತ ಬರೀಬೇಕು, ಮತ್ತೆ ವರ್ಷ ವರ್ಷ ಆಡಿಟ್ ಆಗ್ಬೇಕು. ಫೈನಾನ್ಸ್ ಇಲಾಖೆಯವರು ಒಂದು ಹುದ್ದೆ ಕೊಟ್ರೆ ಒಂದು ಹುದ್ದೆ ರದ್ದು ಮಾಡಿ ಅಂತ ಕೇಳ್ತಾರೆ, ಅದಕ್ಕೆ ಒಪ್ಪಿದ್ರೆ ಅಲ್ಲಿಗೇ ಮುಗೀತು, ಪೇದೆ ಹುದ್ದೆ ಹೋಯ್ತು, ಬೀಟ್ ಮೊದಲಿನ ಹಾಗೆಯೇ ಖಾಲಿ.

ಗುಟ್ಟಿನ ವಿಷಯ. ನಿಮ್ಮ ಹೆದರಿಕೆ ಸರಿಯೇ, ನಮ್ಮ ಊರುಗಳು ಸಣ್ಣದು, ಯಾರ ಮಗಳು ಯಾರ ಮೇಲೆ ಕಂಪ್ಲೇಂಟ್ ಕೊಟ್ಲು ಅನ್ನುದು ಸಂಜೆಗೆ ಮೀನು ಮಾರ್ಕೆಟಿಗೆ ತಲುಪ್ತದೆ. ಆದ್ರೆ ಬಾಯಿ ಬಿಡುದಕ್ಕೂ ಖಾಕಿಗೂ ಸಂಬಂಧ ಇಲ್ಲ, ತಪ್ಪು ಮಾಡಿದ್ರೆ ಕಳ್ಕೊಳ್ಲಿಕ್ಕೆ ಎಂತ ಉಂಟು ಅನ್ನುದಕ್ಕೆ ಸಂಬಂಧ. ಪೊಲೀಸ್ ತಪ್ಪು ಮಾಡಿದ್ರೆ 1965ರ ಪೊಲೀಸ್ ಶಿಸ್ತು ನಡಾವಳಿ ನಿಯಮ ಉಂಟು, ನನ್ನಂತ ಮಿನಿಸ್ಟೀರಿಯಲ್ ನೌಕರನಿಗೆ ಸರ್ಕಾರಿ ನೌಕರರ ಶಿಸ್ತಿಗೆ ಇರುವ 1957ರ ಸಿಸಿಎ ರೂಲ್ಸ್ ಉಂಟು, ಇನ್‌ಕ್ರಿಮೆಂಟ್ ಹೋಗ್ತದೆ, ಪ್ರಮೋಷನ್ ಹೋಗ್ತದೆ, ದೊಡ್ಡದಾದ್ರೆ ಕೆಲಸವೇ ಹೋಗ್ತದೆ. ಏಜೆನ್ಸಿ ಮೂಲಕ ಬಂದ ಡಾಟಾ ಎಂಟ್ರಿ ಹುಡುಗನಿಗೆ ಎಂತ ಉಂಟು? ಸಂಬಳವೇ ಸರಿಯಾಗಿ ಬರುದಿಲ್ಲ, ಹೆಚ್ಚೆಂದ್ರೆ ನಾಳೆಯಿಂದ ಬರ್ಬೇಡ ಅಂತಾರೆ, ಅವ ಬೇರೆ ಕಡೆ ಕೆಲಸ ನೋಡ್ತಾನೆ. ಅಂತವನ ಕೈಗೆ ಕೇಸಿನ ಡಾಟಾಬೇಸಿನ ಪಾಸ್‌ವರ್ಡ್ ಕೊಡುದು ಸುತಾರಾಂ ಸರಿಯಲ್ಲ. ದುರದೃಷ್ಟಕ್ಕೆ ಸರ್ಕಾರಗಳಿಗೆ ಸಿವಿಲಿಯನ್ ಅಂದ ಕೂಡ್ಲೆ ನೆನಪಾಗುದು ಹೊರಗುತ್ತಿಗೆಯೇ, ಯಾಕಂದ್ರೆ ಅಗ್ಗ. ಒಂದು ವ್ಯತ್ಯಾಸ ಉಂಟು, 1966ರ ಒಂದು ಕೇಂದ್ರ ಕಾಯ್ದೆ ಪ್ರಕಾರ ಪೊಲೀಸರು ಪರ್ಮಿಷನ್ ಇಲ್ಲದೆ ಯೂನಿಯನ್ ಕಟ್ಟುವ ಹಾಗಿಲ್ಲ, ಗುಮಾಸ್ತರಿಗೆ ನೌಕರರ ಸಂಘ ಉಂಟು. ಇದನ್ನು ಹಿಡ್ಕೊಂಡು, ಅವರು ಸ್ಟ್ರೈಕ್ ಮಾಡಿದ್ರೆ ಕಂಟ್ರೋಲ್ ರೂಮ್ ಬಂದ್ ಅಂತ ಕೆಲವರು ಹೆದರಿಸ್ತಾರೆ. 112 ತುರ್ತು ಕರೆಗೆ ಗಾಡಿ ಕಳಿಸುವ ಜಾಗದಲ್ಲಿ ಹಾಗಾಗಿ ಒಂದಿಬ್ಬರು ಪೊಲೀಸರು ಇರ್ಲಿ, ಅಷ್ಟಕ್ಕೆ ಇಡೀ ಯೋಚನೆಯನ್ನೇ ಬಿಡ್ಬೇಕಾಗಿಲ್ಲ.

ಮಗಳ ಬಗ್ಗೆ. ಖಾಕಿ ಹಾಕದೆ ಇಲಾಖೆ ಸೇರ್ಲಿಕ್ಕೆ ಮಾಮೂಲಿ ದಾರಿ ಕೆಪಿಎಸ್‌ಸಿಯ ಎಫ್‌ಡಿಎ, ಎಸ್‌ಡಿಎ ಪರೀಕ್ಷೆ, ಎಸ್‌ಡಿಎಗೆ ಪಿಯುಸಿ ಸಾಕು, ಎಫ್‌ಡಿಎಗೆ ಡಿಗ್ರಿ ಬೇಕು. ಪೊಲೀಸ್ ಇಲಾಖೆಯೇ ಸಿಗ್ತದೆ ಅಂತ ಗ್ಯಾರಂಟಿ ಇಲ್ಲ, ಸಿಕ್ಕಿದ್ರೆ ಸಂಬಳ ಸರಿ, ಪ್ರಮೋಷನ್ ನಿಧಾನ, ಮೀಟಿಂಗಿನಲ್ಲಿ ಖಾಕಿಯವರ ಹಿಂದಿನ ಸಾಲಿನ ಕುರ್ಚಿ. ಬಿಸಿಎ ಮಾಡಿದವಳಿಗೆ ಅದಕ್ಕಿಂತ ಒಳ್ಳೆದು ಡಿಜಿಟಲ್ ಫೊರೆನ್ಸಿಕ್ ಕಡೆ ಅಂತ ನನ್ನ ಅಭಿಪ್ರಾಯ. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಮೊದಲಾದ ಹೊಸ ಕ್ರಿಮಿನಲ್ ಕಾನೂನು ಬಂದ ಮೇಲೆ ಶೋಧ, ಜಪ್ತಿ ಎಲ್ಲ ವಿಡಿಯೋ ಮಾಡ್ಬೇಕು, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧ ಆದ್ರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೇ ಬರಬೇಕು ಅಂತ ಉಂಟು, ರಾಜ್ಯಗಳು ಹಂತ ಹಂತವಾಗಿ ಜಾರಿ ಮಾಡ್ಲಿಕ್ಕೆ ಐದು ವರ್ಷ ಟೈಮು. ಮೊಬೈಲು, ಪೆನ್‌ಡ್ರೈವ್ ಸಾಕ್ಷ್ಯ ಕೋರ್ಟಿಗೆ ಹಾಜರು ಮಾಡುವಾಗ ಕೊಡುವ ಸರ್ಟಿಫಿಕೇಟಿಗೆ ತಜ್ಞರ ಸಹಿಯೂ ಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ ಸೋಕೋ ಅಂದ್ರೆ ಸೀನ್ ಆಫ್ ಕ್ರೈಮ್ ಆಫೀಸರ್ ಅಂತ ಹುದ್ದೆಗಳನ್ನೇ ಮಾಡಿದ್ದಾರೆ, ನೋಟಿಫಿಕೇಶನ್ ಕರ್ನಾಟಕ ಪೊಲೀಸ್ ನೇಮಕಾತಿ ವೆಬ್‌ಸೈಟಿನಲ್ಲೇ ಬರ್ತದೆ, ಯಾವ ಡಿಗ್ರಿ ಕೇಳಿದ್ದಾರೆ ಅಂತ ಆಯಾ ನೋಟಿಫಿಕೇಶನ್ ಸರಿಯಾಗಿ ಓದ್ಲಿ, ಬರೀ ಬಿಸಿಎ ಸಾಕಾಗದಿದ್ರೆ ಫೊರೆನ್ಸಿಕ್ ಸೈನ್ಸ್‌ನಲ್ಲೋ ಸೈಬರ್ ಸೆಕ್ಯೂರಿಟಿಯಲ್ಲೋ ಒಂದು ಪಿಜಿ ಮಾಡಿಕೊಳ್ಳಲಿ. ಯಾವುದಾದ್ರೂ ಏಜೆನ್ಸಿಯವರು ಪೊಲೀಸ್ ಇಲಾಖೆಯಲ್ಲಿ ಕಂಪ್ಯೂಟರ್ ಕೆಲಸ ಕೊಡಿಸ್ತೇವೆ, ಡಿಪಾಸಿಟ್ ಕಟ್ಟಿ ಅಂತ ಫೋನ್ ಮಾಡಿದ್ರೆ ಒಂದು ಪೈಸೆಯೂ ಕೊಡ್ಬೇಡಿ, ಆ ನಂಬರ್ ಹಿಡ್ಕೊಂಡು ಹೋಗಿ ಅದೇ ಸ್ಟೇಷನಿನಲ್ಲಿ ಕಂಪ್ಲೇಂಟ್ ಕೊಡಿ.